ಅಗಲಕ್ಕಿಂತ ಬಿಗಿ ಮುಖ್ಯ: ಮನೆಯ ಮರಗೆಲಸಕ್ಕೊಂದು ಸಿಎನ್‌ಸಿ

(ಮರಗೆಲಸದ ಹವ್ಯಾಸ ಇರುವವರ ಒಂದು ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಳಗೆ ಕಾಲಿಡುತ್ತಲೇ ನಾಲ್ಕೈದು ಜನ ಕೇಳಿದ್ದು ಒಂದೇ ಮಾತು: "ಒಂದು ಸಿಎನ್‌ಸಿ ಹಾಕಿಕೊಳ್ಳೋಕೆ ಎಷ್ಟಾಗುತ್ತೆ ಸಾರ್?" ಸಿಎನ್‌ಸಿ ಅಂದರೆ ಕಂಪ್ಯೂಟರ್ ಹೇಳಿದಂತೆ ತಾನೇ ಓಡಾಡಿ ಮರ ಕತ್ತರಿಸುವ, ಕೆತ್ತುವ ಮಶಿನ್. ದುಡ್ಡಿನ ಲೆಕ್ಕಕ್ಕೆ ಬರುತ್ತೇನೆ. ಅದಕ್ಕೆ ಮೊದಲು ನಾನೇ ತಿರುಗಿ ಕೇಳಬೇಕು. ಅದರಲ್ಲಿ ಏನು ಮಾಡುತ್ತೀರಿ?

ಯಾಕೆ ಕೇಳುತ್ತೇನೆ ಅಂದರೆ, ಈಗ ಸಣ್ಣ ಊರುಗಳಲ್ಲೂ "ಸಿಎನ್‌ಸಿ ಕಟಿಂಗ್" ಅನ್ನುವ ಬೋರ್ಡು ಕಾಣುತ್ತದೆ. ದೇವರ ಮನೆ ಬಾಗಿಲು, ಜಾಲಿ, ಮಂಚದ ತಲೆಭಾಗದ ಕೆತ್ತನೆ ಎಲ್ಲವನ್ನೂ ಅವರು ಗಂಟೆ ಲೆಕ್ಕದಲ್ಲೋ ಅಡಿ ಲೆಕ್ಕದಲ್ಲೋ ಮಾಡಿಕೊಡುತ್ತಾರೆ. ಅವರ ಮಶಿನ್ ಇಡೀ ಎಂಟು ಬೈ ನಾಲ್ಕರ ಹಲಗೆಯನ್ನು ನುಂಗುತ್ತದೆ. ವರ್ಷಕ್ಕೆ ಎರಡು ಬಾಗಿಲು ಮಾಡಿಸುವವರು ಸುಮ್ನೆ ಅಲ್ಲಿಗೆ ಹೋಗಿ. ಆ ಎರಡು ಬಾಗಿಲಿಗಾಗಿ ಮನೆಯಲ್ಲಿ ಮಶಿನ್ ಇಟ್ಟುಕೊಳ್ಳುವುದು ನಷ್ಟದ ಕೆಲಸ.

ಹಾಗಾದರೆ ಮನೆಯಲ್ಲಿ ಯಾರಿಗೆ ಬೇಕು? ಒಂದು ತುಂಡು ಕತ್ತರಿಸಿ, ಜೋಡಿಸಿ ನೋಡಿ, ಅರ್ಧ ಮಿಲಿಮೀಟರ್ ತಿದ್ದಿ ಮತ್ತೆ ಕತ್ತರಿಸುವವರಿಗೆ ಬೇಕು. ಆಟಿಕೆ, ನಾಮಫಲಕ, ಇನ್‌ಲೇ (ಮರದ ಗೂಡಿನಲ್ಲಿ ಬೇರೆ ಮರ ಕೂರಿಸುವುದು), ಮರ ಕೊರೆಯುವ ಕೈಯಂತ್ರ ರೌಟರ್‌ಗೆ ಟೆಂಪ್ಲೇಟು, ವಾದ್ಯದ ಬಿಡಿಭಾಗ ಇಂಥವನ್ನು ಮಾಡುವವರಿಗೆ ಬೇಕು. ಈ ಕೆಲಸವನ್ನು ಹೊರಗೆ ಕೊಟ್ಟರೆ ಅಂಗಡಿಯವನಿಗೂ ತಲೆನೋವು, ನಿಮಗೂ ತಲೆನೋವು. ಇವೆಲ್ಲ ಸಣ್ಣ ಸೈಜಿನ ಕೆಲಸ ಅನ್ನುವುದನ್ನು ಗಮನಿಸಿ. ನನ್ನ ಇವತ್ತಿನ ಮಾತಿನ ತಿರುಳು ಅಲ್ಲೇ ಇದೆ. ಹೊಸಬರು ಬೆಡ್, ಅಂದರೆ ಮರ ಇಡುವ ಮೇಜು, ಎಷ್ಟು ಅಗಲ ಅಂತ ನೋಡುತ್ತಾರೆ. ನೋಡಬೇಕಾದ್ದು ಮಶಿನ್ ಎಷ್ಟು ಬಿಗಿ, ಅಂದರೆ ತಳ್ಳಿದರೆ ಬಗ್ಗದೆ ಎಷ್ಟು ಗಟ್ಟಿ ನಿಲ್ಲುತ್ತದೆ ಅಂತ.

ಈ ಮಶಿನ್‌ಗಳು ಹುಟ್ಟಿದ್ದು ಮರಕ್ಕಾಗಿ ಅಲ್ಲ. ಅಮೆರಿಕದಲ್ಲಿ ಜಾನ್ ಪಾರ್ಸನ್ಸ್ ಅನ್ನುವವರು ಹೆಲಿಕಾಪ್ಟರ್ ರೆಕ್ಕೆ ಮಾಡುವ ಕೆಲಸದಲ್ಲಿದ್ದಾಗ, ಅಂಕಿಗಳಿಂದಲೇ ಮಶಿನ್ ನಡೆಸಬಹುದು ಅನ್ನುವ ಯೋಚನೆ ಹಿಡಿದರು. ವಾಯುಪಡೆ ದುಡ್ಡು ಹಾಕಿತು, ಎಂಐಟಿಯವರು 1952ರಲ್ಲಿ ತೂತು ಹೊಡೆದ ಟೇಪಿನಿಂದ ನಡೆಯುವ ಮಿಲ್ಲಿಂಗ್ ಮಶಿನ್ ತೋರಿಸಿದರು. ಅದನ್ನು ನಡೆಸಲು ಬೀರುಗಟ್ಟಲೆ ವ್ಯಾಕ್ಯೂಮ್ ಟ್ಯೂಬು ಬೇಕಿತ್ತು. 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರೂಡ್ ಜಿಆರ್‌ಬಿಎಲ್ ಅನ್ನುವ ಪ್ರೋಗ್ರಾಮ್ ಶುರು ಮಾಡಿದರು. ಮೂರು ಆಕ್ಸಿಸ್ (ಎಡಬಲ, ಹಿಂದುಮುಂದು, ಮೇಲೆಕೆಳಗೆ) ನಡೆಸುವ ಆ ಕೆಲಸವನ್ನು ಅದು ಆರ್ಡುಯಿನೋ ಊನೋ ಅನ್ನುವ ಪುಟ್ಟ ಬೋರ್ಡಿನ 32 ಕಿಲೋಬೈಟ್ ಚಿಪ್ಪಿಗೆ ತುಂಬಿತು. 2011ರಲ್ಲಿ ಎಡ್ವರ್ಡ್ ಫೋರ್ಡ್ ಅನ್ನುವವರ ಶೇಪೋಕೋ ಅನ್ನುವ ಮಶಿನ್ ಬಂತು. ಅಲ್ಯೂಮಿನಿಯಂ ಪಟ್ಟಿ, ಬೆಲ್ಟು, ಸಣ್ಣ ಮೋಟಾರು, ಅಷ್ಟೇ. ಯಾರು ಬೇಕಾದರೂ ಕಟ್ಟಿಕೊಳ್ಳಲಿ ಅಂತ ಡಿಸೈನನ್ನು ಬಿಟ್ಟುಕೊಟ್ಟರು. ಈಗ ನಾವು ನೋಡುವ ಅಗ್ಗದ ಮಶಿನ್‌ಗಳೆಲ್ಲ ಹೆಚ್ಚುಕಡಿಮೆ ಆ ವಂಶದವು.

ಎಲೆಕ್ಟ್ರಾನಿಕ್ಸ್ ಅಗ್ಗವಾಯಿತು, ಪ್ರೋಗ್ರಾಮ್ ಪುಕ್ಕಟೆ ಸಿಕ್ಕಿತು. ಅಗ್ಗವಾಗದೆ ಉಳಿದದ್ದು ಕಬ್ಬಿಣ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1953ರಲ್ಲಿ ಎಚ್‌ಎಂಟಿ ಶುರುವಾದಾಗಿನಿಂದ ಮಶಿನ್ ಕಟ್ಟುವ ಊರು ಇದು. ಪೀಣ್ಯದಲ್ಲಿ ಯಾವುದಾದರೂ ಷೆಡ್ಡಿನ ಮುಂದೆ ನಿಂತು ಒಂದು ಮಶಿನ್ ಲಾರಿಗೆ ಏರುವುದನ್ನು ನೋಡಿ. ಬೀಡುಕಬ್ಬಿಣದ ಬೆಡ್ ಎತ್ತಲು ಕ್ರೇನ್ ಬೇಕು. ಆ ತೂಕ ಶೋಕಿಗಲ್ಲ. ಕಟರ್ ತಳ್ಳಿದಾಗ ಮಶಿನ್ ಅಲುಗಬಾರದು, ಅದಕ್ಕೆ. ಮರ ಕಬ್ಬಿಣದಷ್ಟು ಗಟ್ಟಿ ಅಲ್ಲ, ಹಾಗಾಗಿ ನಮಗೆ ಟನ್ನುಗಟ್ಟಲೆ ತೂಕ ಬೇಡ. ಆದರೆ ಕೈಯಲ್ಲಿ ಎತ್ತಿಕೊಂಡು ಓಡಾಡುವಂಥ ಮಶಿನ್ ತೇಗವನ್ನು ಬೆಣ್ಣೆಯಂತೆ ಕತ್ತರಿಸುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇಲ್ಲಿ ಸ್ವಲ್ಪ ಲೆಕ್ಕ ನೋಡೋಣ. ಎರಡು ತುದಿಯಲ್ಲಿ ಹಿಡಿದ ಒಂದು ಸರಳಿನ ನಡುವೆ ಭಾರ ಹಾಕಿದರೆ ಅದು ಬಗ್ಗುತ್ತದೆ. ಉದ್ದ ಎರಡರಷ್ಟಾದರೆ ಬಾಗು ಎರಡರಷ್ಟಾಗುವುದಿಲ್ಲ, ಎಂಟರಷ್ಟಾಗುತ್ತದೆ. ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ ಅದು. ಮಶಿನ್‌ನಲ್ಲಿ ಕತ್ತರಿಸುವ ತಲೆ ಜಾರುವುದು ಇಂಥ ಸರಳುಗಳ ಮೇಲೆ. 300 ಮಿಲಿಮೀಟರ್ ಅಗಲದ ಮಶಿನ್‌ನಲ್ಲಿ ಚೆನ್ನಾಗಿ ನಡೆದ ಸರಳನ್ನೇ 600ಕ್ಕೆ ಹಾಕಿದರೆ ಎಂಟು ಪಟ್ಟು ಬಾಗು. 1200ಕ್ಕೆ ಹಾಕಿದರೆ ಅರವತ್ನಾಲ್ಕು ಪಟ್ಟು. ಇನ್ನೊಂದು ಕಡೆಯಿಂದ ನೋಡಿದರೆ, ಸರಳಿನ ದಪ್ಪ ಎರಡರಷ್ಟು ಮಾಡಿದರೆ ಹದಿನಾರು ಪಟ್ಟು ಬಿಗಿ ಬರುತ್ತದೆ. ಆನ್‌ಲೈನಿನಲ್ಲಿ "ಅದೇ ಮಶಿನ್, ದೊಡ್ಡ ಬೆಡ್, ಐದೇ ಸಾವಿರ ಜಾಸ್ತಿ" ಅಂತ ಇದ್ದರೆ ಸರಳು ಬದಲಾಗಿದೆಯಾ ಅಂತ ನೋಡಿ. ಬದಲಾಗಿರದಿದ್ದರೆ ಆ ಐದು ಸಾವಿರ ಕೊಟ್ಟು ನೀವು ಕೊಂಡದ್ದು ಬಾಗು.

ಸರಳು ತುದಿಗಳಲ್ಲಿ ಮಾತ್ರ ಕೂತಿರುವುದಕ್ಕಿಂತ ಉದ್ದಕ್ಕೂ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಕೂತಿದ್ದರೆ ಎಷ್ಟೋ ವಾಸಿ. ಎಸ್‌ಬಿಆರ್ 16, ಎಸ್‌ಬಿಆರ್ 20 ಅಂತ ಸಿಗುತ್ತವಲ್ಲ, ಅವು. ಅದಕ್ಕಿಂತ ಮೇಲೆ ಎಚ್‌ಜಿಆರ್ 15, ಎಚ್‌ಜಿಆರ್ 20 ಅನ್ನುವ ಚೌಕ ರೈಲುಗಳು. ದುಡ್ಡು ಮಿತಿಯಲ್ಲಿದ್ದರೆ ಬೆಡ್ ಸಣ್ಣದು ಮಾಡಿ, ರೈಲು ಒಳ್ಳೆಯದು ಹಾಕಿ.

ಮಶಿನ್ ನೋಡಲು ಅಂಗಡಿಗೆ ಹೋದಾಗ ಎರಡು ಸಾಮಾನು ಜೊತೆಗಿರಲಿ. ಬುಡಕ್ಕೆ ಆಯಸ್ಕಾಂತ ಇರುವ ಒಂದು ಡಯಲ್ ಗೇಜು (ಕೂದಲೆಳೆಯಷ್ಟು ಜರುಗಿದರೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಮಾನು), ಲಗೇಜ್ ತೂಗುವ ಒಂದು ಕೊಕ್ಕೆ ತಕ್ಕಡಿ. ಮಶಿನ್ ಆನ್ ಮಾಡಿಸಿ, ಮೋಟಾರುಗಳು ಲಾಕ್ ಆಗಿರಲಿ. ಗೇಜನ್ನು ಬೆಡ್ ಮೇಲೆ ನಿಲ್ಲಿಸಿ ಅದರ ಮೊನೆಯನ್ನು ಸ್ಪಿಂಡಲ್ (ಕತ್ತರಿಸುವ ಬಿಟ್ ಹಿಡಿದು ಸುತ್ತುವ ಮೋಟಾರು) ತುದಿಗೆ ತಾಗಿಸಿ. ಬೆಡ್ ಅಲ್ಯೂಮಿನಿಯಂ ಆಗಿದ್ದರೆ ಆಯಸ್ಕಾಂತ ಹಿಡಿಯುವುದಿಲ್ಲ, ಕೆಳಗೊಂದು ಕಬ್ಬಿಣದ ತುಂಡು ಕ್ಲ್ಯಾಂಪ್ ಮಾಡಿಕೊಳ್ಳಿ. ಈಗ ತಕ್ಕಡಿಯ ಕೊಕ್ಕೆಯನ್ನು ಸ್ಪಿಂಡಲ್‌ಗೆ ಹಾಕಿ ಅಡ್ಡಕ್ಕೆ ಐದು ಕೆಜಿ ಎಳೆಯಿರಿ. ಮುಳ್ಳು ಎಷ್ಟು ಓಡಿತು? ಆಮೇಲೆ ಮುಂದಕ್ಕೆ ಎಳೆದು ನೋಡಿ. ನನ್ನ ಅಳತೆಗೋಲು ಇಷ್ಟು: 0.2 ಮಿಲಿಮೀಟರ್ ಒಳಗಿದ್ದರೆ ಮನೆಯ ಮರಗೆಲಸಕ್ಕೆ ಸಾಕು. ಅರ್ಧ ಮಿಲಿಮೀಟರ್ ದಾಟಿದರೆ ನಮಸ್ಕಾರ ಹೇಳಿ ಬನ್ನಿ. ಬಿಟ್ಟಾಗ ಮುಳ್ಳು ಮೊದಲಿನ ಜಾಗಕ್ಕೆ ಬರದಿದ್ದರೆ ಎಲ್ಲೋ ಬೋಲ್ಟು ಸಡಿಲ ಇದೆ, ಇಲ್ಲವೇ ಮಶಿನ್ ಓಡಿಸುವ ಸ್ಕ್ರೂನಲ್ಲಿ ಆಟ (ಸಡಿಲ) ಇದೆ. ಇಷ್ಟು ಮಾಡಲು ಬಿಡದ ಅಂಗಡಿಯವರ ಹತ್ತಿರ ವ್ಯಾಪಾರ ಬೇಡ.

ಚಲನೆಯ ವಿಷಯ, ಅಂದರೆ ಮೋಟಾರಿನ ಸುತ್ತನ್ನು ನಡಿಗೆಯಾಗಿ ಮಾಡುವ ಬೆಲ್ಟು, ಸ್ಕ್ರೂಗಳದ್ದು, ಬೇಗ ಮುಗಿಸುತ್ತೇನೆ. ಬೆಲ್ಟು ಅಗ್ಗ, ವೇಗ ಜಾಸ್ತಿ, ಆದರೆ ಹಿಗ್ಗುತ್ತದೆ. ಟಿ8 ಲೀಡ್ ಸ್ಕ್ರೂ ಸಣ್ಣ ಮಶಿನ್‌ಗೆ ಸರಿ, ನಟ್ಟು ಸವೆದಂತೆ ಆಟ ಬರುತ್ತದೆ. 1605 ಬಾಲ್ ಸ್ಕ್ರೂ (ನಟ್ಟಿನೊಳಗೆ ಗುಂಡುಗಳು ಉರುಳುವಂಥದ್ದು) ಅಂದರೆ 16 ಮಿಲಿಮೀಟರ್ ದಪ್ಪ, ಸುತ್ತಿಗೆ 5 ಮಿಲಿಮೀಟರ್ ನಡಿಗೆ. ಒಂದು ಮೀಟರ್ ಒಳಗಿನ ಮಶಿನ್‌ಗೆ ನನ್ನ ಆಯ್ಕೆ ಅದೇ. ಉದ್ದ ಇನ್ನೂ ಹೆಚ್ಚಾದರೆ ಜೋರಾಗಿ ಸುತ್ತುವಾಗ ಸ್ಕ್ರೂ ಚಾಟಿಯ ಹಾಗೆ ಆಡುತ್ತದೆ. ದೊಡ್ಡ ಮಶಿನ್‌ಗಳಲ್ಲಿ ಹಲ್ಲುಪಟ್ಟಿ ಹಾಕುವುದು ಅದಕ್ಕೇ.

ಸ್ಪಿಂಡಲ್ ವಿಷಯಕ್ಕೆ ಮಾತ್ರ ಸ್ವಲ್ಪ ನಿಲ್ಲಬೇಕು. ನಮ್ಮಲ್ಲಿ ಬಹಳ ಜನ ಕೈಯಲ್ಲಿರುವ ಟ್ರಿಮ್ಮರ್ (ಅಂಚು ತಿದ್ದುವ ಸಣ್ಣ ರೌಟರ್) ಅನ್ನೇ ಮಶಿನ್‌ಗೆ ಕಟ್ಟುತ್ತಾರೆ. ಒಳ್ಳೆಯದೇ. ಆದರೆ ಸಾಮಾನ್ಯ ಟ್ರಿಮ್ಮರ್‌ಗಳು ನಿಮಿಷಕ್ಕೆ 30,000 ಸುತ್ತು, ಕೆಲವು 33,000. ಕಡಿಮೆ ಮಾಡುವ ಗುಂಡಿಯೇ ಇರುವುದಿಲ್ಲ. ಎರಡು ಅಂಚಿನ ಬಿಟ್ ಹಾಕಿದಿರಿ ಅನ್ನಿ. ಒಂದೊಂದು ಅಂಚೂ ಪ್ರತಿ ಸುತ್ತಿಗೆ 0.05 ಮಿಲಿಮೀಟರ್‌ನಷ್ಟಾದರೂ ಮರ ಕಚ್ಚಬೇಕು. 30,000ವನ್ನು ಎರಡರಿಂದ, ಆಮೇಲೆ 0.05ರಿಂದ ಗುಣಿಸಿ. ನಿಮಿಷಕ್ಕೆ 3000 ಮಿಲಿಮೀಟರ್ ಓಡಬೇಕು ಅಂತ ಬಂತು. ನಮ್ಮ ಸಣ್ಣ ಮಶಿನ್‌ಗೆ ಮರದೊಳಗೆ ಅಷ್ಟು ಓಡುವ ಶಕ್ತಿ ಇಲ್ಲ. ಹೆದರಿ 600ಕ್ಕೆ ಇಳಿಸುತ್ತೀರಿ. ಆಗ ಅಂಚು ಕಚ್ಚುವುದಿಲ್ಲ, ಉಜ್ಜುತ್ತದೆ. ಚಕ್ಕೆ ಬೀಳುವ ಬದಲು ಹಿಟ್ಟಿನಂಥ ಧೂಳು ಬೀಳುತ್ತದೆ, ಮರ ಕಪ್ಪಾಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಬಿಟ್ ಬೇಗ ಸಾಯುತ್ತದೆ. ಬಹಳ ಜನ "ಬಿಟ್ ಸರಿ ಇಲ್ಲ" ಅಂತ ಇನ್ನೊಂದು ತರುತ್ತಾರೆ. ಬಿಟ್ ಸರಿ ಇತ್ತು, ವೇಗ ಸರಿ ಇರಲಿಲ್ಲ. ವೇಗ ತಿರುಗಿಸಬಹುದಾದ ಟ್ರಿಮ್ಮರ್ ಕೊಳ್ಳಿ. ಮಕೀಟಾದ ಆರ್‌ಟಿ 0700 ಅಂಥದ್ದು, 10,000ದಿಂದ 30,000ದವರೆಗೆ ಹೋಗುತ್ತದೆ. 12,000ಕ್ಕೆ ಇಟ್ಟು ಒಂದೇ ಅಂಚಿನ ಬಿಟ್ ಹಾಕಿದರೆ ಅದೇ ಲೆಕ್ಕ 600ಕ್ಕೆ ಬಂದು ನಿಲ್ಲುತ್ತದೆ. ಬಿದ್ದದ್ದನ್ನು ಬೆರಳಲ್ಲಿ ಹಿಡಿದು ನೋಡಿ. ಚಕ್ಕೆಯ ಆಕಾರ ಕಾಣಬೇಕು.

ಗಂಟೆಗಟ್ಟಲೆ ಕೆತ್ತನೆ ಮಾಡುವವರಿಗೆ ಟ್ರಿಮ್ಮರ್ ಸದ್ದು ಮನೆಯಲ್ಲಿ ತಡೆಯಲಾಗುವುದಿಲ್ಲ. 1.5 ಕಿಲೋವ್ಯಾಟಿನ ನೀರು ಸುತ್ತಿ ತಣಿಸುವ ಸ್ಪಿಂಡಲ್ ಮತ್ತು ಅದರ ವೇಗ ನಡೆಸುವ ಪೆಟ್ಟಿಗೆ ವಿಎಫ್‌ಡಿ ತೆಗೆದುಕೊಂಡರೆ ಸ್ಪಿಂಡಲ್ ಸದ್ದು ಬಹುತೇಕ ಹೋಗುತ್ತದೆ, ಮರ ಕತ್ತರಿಸುವ ಸದ್ದು ಮಾತ್ರ ಉಳಿಯುತ್ತದೆ. ಮನೆಯ ಸಿಂಗಲ್ ಫೇಸಿನಲ್ಲೇ ನಡೆಯುತ್ತದೆ, 16 ಆಂಪಿಯರ್ ಸಾಕೆಟ್‌ಗೆ ಹಾಕಿ. ಅರ್ತಿಂಗ್ ಸರಿಯಾಗಿರಲೇಬೇಕು. ವಿಎಫ್‌ಡಿ ಎಬ್ಬಿಸುವ ವಿದ್ಯುತ್ ಗಲಾಟೆಗೆ ಕಂಪ್ಯೂಟರ್‌ನಿಂದ ಬರುವ ಯುಎಸ್‌ಬಿ ಕೆಲಸದ ಮಧ್ಯೆ ಕಡಿದುಹೋಗುವುದು ಇದೆ. ಸ್ಪಿಂಡಲ್‌ಗೆ ಶೀಲ್ಡ್ ಇರುವ ಕೇಬಲ್ ಹಾಕಿ, ಆ ಶೀಲ್ಡನ್ನು ಅರ್ತ್ ಮಾಡಿ, ಯುಎಸ್‌ಬಿ ತಂತಿಯನ್ನು ಅದರಿಂದ ದೂರ ಇಡಿ.

ಬಿಟ್ ಹಿಡಿಯುವ ಕಾಲೆಟ್ ಬಗ್ಗೆ ಒಂದು ಎಚ್ಚರಿಕೆ. 6 ಮಿಲಿಮೀಟರ್ ಬೇರೆ, ಕಾಲು ಇಂಚು ಬೇರೆ. ಕಾಲು ಇಂಚು ಅಂದರೆ 6.35. ಕಾಲು ಇಂಚಿನ ಕಾಲೆಟ್‌ನಲ್ಲಿ 6 ಮಿಲಿಮೀಟರ್ ಬಿಟ್ ಹಿಡಿದಂತೆ ಕಾಣುತ್ತದೆ, ಕೆಲಸದ ಮಧ್ಯೆ ಜಾರುತ್ತಾ ಕೆಳಗಿಳಿದು ಹಲಗೆ ತೂತಾಗುತ್ತದೆ. ನಮ್ಮ ಅಂಗಡಿಗಳಲ್ಲಿ ಎರಡೂ ಒಂದೇ ಡಬ್ಬಿಯಲ್ಲಿ ಇರುತ್ತವೆ. ವರ್ನಿಯರ್ ಹಿಡಿದು ನೋಡಿ ಕೊಳ್ಳಿ.

ಇನ್ನು ಕರೆಂಟ್. ಮೂರು ಗಂಟೆಯ ಕೆತ್ತನೆ, ಎರಡೂವರೆ ಗಂಟೆಗೆ ಕರೆಂಟ್ ಹೋಯಿತು. ಮಶಿನ್‌ಗೆ ತಾನು ಎಲ್ಲಿದ್ದೆ ಅನ್ನುವುದೇ ಮರೆತುಹೋಗುತ್ತದೆ. ಕೊಳ್ಳುವಾಗಲೇ ಮೂರು ಆಕ್ಸಿಸ್‌ಗೂ ಹೋಮಿಂಗ್ ಸ್ವಿಚ್ (ಮಶಿನ್‌ಗೆ ತನ್ನ ಮೂಲ ಜಾಗ ತೋರಿಸುವ ಸ್ವಿಚ್) ಇರುವುದನ್ನು ನೋಡಿ, ಇಲ್ಲದಿದ್ದರೆ ಹಾಕಿಸಿ. ಮೂರು ಸಣ್ಣ ಸ್ವಿಚ್ಚು, ಹೆಚ್ಚು ಖರ್ಚಿಲ್ಲ. ಕೆಲಸ ಶುರು ಮಾಡುವಾಗ ಮೊದಲು ಹೋಮ್ ಮಾಡಿ, ಆಮೇಲೆ ಮರದ ಮೂಲೆಯ ಸೊನ್ನೆಯನ್ನು ಜಿ54 ಅನ್ನುವ ನೆನಪಿನ ಜಾಗದಲ್ಲಿ ಕೂರಿಸಿ. ಜಿಆರ್‌ಬಿಎಲ್ ಅದನ್ನು ಶಾಶ್ವತವಾಗಿ ಬರೆದಿಟ್ಟುಕೊಳ್ಳುತ್ತದೆ. ಕರೆಂಟ್ ಬಂದ ಮೇಲೆ ಮತ್ತೆ ಹೋಮ್ ಮಾಡಿದರೆ ಅದೇ ಸೊನ್ನೆ ಅದೇ ಜಾಗದಲ್ಲಿ ಸಿಗುತ್ತದೆ. ಕೆಲವು ಹಳೆಯ ವಿಡಿಯೋಗಳಲ್ಲಿ ಜಿ92 ಹಾಕಲು ಹೇಳುತ್ತಾರೆ. ಅದು ಕರೆಂಟ್ ಹೋದರೆ ಅಳಿಸಿಹೋಗುತ್ತದೆ. ಹಲಗೆ ಮಾತ್ರ ಕ್ಲ್ಯಾಂಪ್ ಬಿಚ್ಚದೆ ಹಾಗೇ ಇರಲಿ.

ಸಾಫ್ಟ್‌ವೇರ್ ಬಗ್ಗೆ ಉದ್ದಕ್ಕೆ ಹೇಳುವುದಿಲ್ಲ. ಡಿಸೈನ್ ಮಾಡಲು ಫ್ರೀಕ್ಯಾಡ್ ಮತ್ತು ಇಂಕ್‌ಸ್ಕೇಪ್ ಪುಕ್ಕಟೆ, ಮಶಿನ್‌ಗೆ ಕಳಿಸಲು ಯೂನಿವರ್ಸಲ್ ಜಿಕೋಡ್ ಸೆಂಡರ್ ಪುಕ್ಕಟೆ. ಕೆತ್ತನೆಗೆಂದೇ ಇರುವ ವಿಕಾರ್ವ್ ದುಬಾರಿ, ಆದರೆ ಬೋರ್ಡು ಮಾಡಿ ಮಾರುವವರಿಗೆ ದುಡಿದು ತೀರಿಸುತ್ತದೆ. ನಮ್ಮದೇ ಆದ ಒಂದು ತೊಂದರೆಯನ್ನು ಮಾತ್ರ ಹೇಳಬೇಕು. ಕೆತ್ತನೆಯ ಕೆಲವು ಸಾಫ್ಟ್‌ವೇರ್‌ಗಳಿಗೆ ಕನ್ನಡದ ಒತ್ತಕ್ಷರ ಕೂರಿಸಲು ಬರುವುದಿಲ್ಲ. "ಶ್ರೀ" ಅಂತ ಟೈಪ್ ಮಾಡಿದರೆ ಶ, ರ, ದೀರ್ಘ ಬೇರೆ ಬೇರೆಯಾಗಿ ಬಿದ್ದಿರುತ್ತವೆ. ಇಂಕ್‌ಸ್ಕೇಪಿನಲ್ಲಿ ಟೈಪ್ ಮಾಡಿ, ಅಲ್ಲಿ ಸರಿಯಾಗಿ ಕೂರುತ್ತದೆ. ಆಮೇಲೆ ಅಕ್ಷರವನ್ನು ಗೆರೆಗಳಾಗಿ ಬದಲಿಸಿ ಎಸ್‌ವಿಜಿ ಫೈಲ್ ಮಾಡಿ ತನ್ನಿ. ಇಷ್ಟಕ್ಕೇ ನಿಲ್ಲಿಸಬೇಡಿ. ಫಾಂಟಿನಲ್ಲಿ ಮೂಲ ಅಕ್ಷರ, ಒತ್ತು, ದೀರ್ಘ ಒಂದರ ಮೇಲೊಂದು ಹತ್ತಿಕೊಂಡಿರುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಮಶಿನ್‌ಗೆ ಗೊತ್ತಾಗುತ್ತದೆ. ಆ ಹತ್ತಿಕೊಂಡ ಗೆರೆಯ ಮೇಲೂ ಅದು ಕೆತ್ತುತ್ತದೆ, ಅಕ್ಷರದ ಹೊಟ್ಟೆಯಲ್ಲಿ ಗೀರು ಬೀಳುತ್ತದೆ. ಇಂಕ್‌ಸ್ಕೇಪಿನ ಯೂನಿಯನ್ ಆಜ್ಞೆ ಕೊಟ್ಟು ಒಂದೇ ಆಕಾರ ಮಾಡಿಕೊಳ್ಳಿ.

ಬಿಟ್ ಆಯ್ಕೆಯೂ ಅಷ್ಟೇ. 60 ಡಿಗ್ರಿಯ ವಿ-ಬಿಟ್‌ನಲ್ಲಿ (ವಿ ಆಕಾರದ ಮೊನೆಯದು) 10 ಮಿಲಿಮೀಟರ್ ಅಗಲದ ಗೆರೆ ತೆಗೆದರೆ ಆಳ ಸುಮಾರು 8.7 ಮಿಲಿಮೀಟರ್ ಹೋಗುತ್ತದೆ. 12 ಮಿಲಿಮೀಟರ್ ಹಲಗೆಗೆ ಇದು ಜಾಸ್ತಿ ಅಲ್ವಾ? 90 ಡಿಗ್ರಿಯದರಲ್ಲಿ 5 ಮಿಲಿಮೀಟರ್ ಅಷ್ಟೇ. ದಪ್ಪ ಅಕ್ಷರಕ್ಕೆ 90, ಸಣ್ಣ ಒತ್ತುಗಳು ತುಂಬಿದ ಬರಹಕ್ಕೆ 60.

ಸರಿ, ಕಟ್ಟುವುದೋ ಕೊಳ್ಳುವುದೋ?

3018 ಅನ್ನುವ ಪುಟ್ಟ ಕಿಟ್, ಅಂದರೆ 30 ಬೈ 18 ಸೆಂಟಿಮೀಟರ್ ಬೆಡ್, ಈಗಿನ ಲೆಕ್ಕದಲ್ಲಿ ಸುಮಾರು ಹದಿನೈದರಿಂದ ಇಪ್ಪತ್ತೈದು ಸಾವಿರ. ಕಲಿಯಲು ಚಿನ್ನದಂಥ ಮಶಿನ್. ಸಿಲ್ವರ್ ಓಕ್, ಎಂಡಿಎಫ್‌ನಲ್ಲಿ ಅರ್ಧ ಅರ್ಧ ಮಿಲಿಮೀಟರ್ ಇಳಿಸುತ್ತಾ ಹೋಗುತ್ತದೆ. ತೇಗದಲ್ಲಿ, ಹೊನ್ನೆಯಲ್ಲಿ ಅವಸರ ಮಾಡಿದರೆ ಕಿರುಚುತ್ತದೆ. ಚೌಕ ರೈಲು, ಬಾಲ್ ಸ್ಕ್ರೂ, ಒಳ್ಳೆಯ ಸ್ಪಿಂಡಲ್ ಇರುವ ಎರಡಡಿ ಚದರದ ರೆಡಿ ಮಶಿನ್‌ಗೆ ಲಕ್ಷ, ಒಂದೂವರೆ ಲಕ್ಷ, ಮೇಲೆ ಟ್ಯಾಕ್ಸು ಅಂತ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಬಿಡಿ ಸಾಮಾನು ತಂದು ನೀವೇ ಕಟ್ಟಿದರೆ ಇಪ್ಪತ್ತು ಮೂವತ್ತು ಸಾವಿರ ಉಳಿಯಬಹುದು. ಉಳಿದ ದುಡ್ಡಿಗೆ ಭಾನುವಾರಗಳನ್ನು ಕೊಡಬೇಕು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಲ್ಲಿ ಅಲೆದು ಮೋಟಾರು ಡ್ರೈವರ್, ಪವರ್ ಸಪ್ಲೈ ಹುಡುಕುವುದು ಖುಷಿ ಅನ್ನಿಸುವವರು ಕಟ್ಟಿ. ಮರದ ಕೆಲಸವೇ ಖುಷಿ ಅನ್ನುವವರು ಕೊಂಡುಬಿಡಿ. ಇದರಲ್ಲಿ ಮರ್ಯಾದೆ ಪ್ರಶ್ನೆ ಏನಿಲ್ಲ.

ನನಗೆ ಇಷ್ಟವಾದದ್ದು ನಡುವಿನ ದಾರಿ. ರೈಲು, ಸ್ಕ್ರೂ, ಮೋಟಾರು, ಕಂಟ್ರೋಲರ್ ರೆಡಿ ತರುವುದು, ಫ್ರೇಮ್ ಮಾತ್ರ ಊರಲ್ಲೇ ಉಕ್ಕಿನ ಚೌಕ ಪೈಪಿನಿಂದ ಮಾಡಿಸುವುದು. ಪ್ರಿಂಟ್‌ಎನ್‌ಸಿ ಅನ್ನುವ ಪುಕ್ಕಟೆ ಡಿಸೈನ್ ಇದೇ ಜಾಡಿನದು. ಒಂದೇ ಅಳತೆಯ ಅಲ್ಯೂಮಿನಿಯಂ ಪೈಪಿಗೆ ಹೋಲಿಸಿದರೆ ಉಕ್ಕು ಸುಮಾರು ಮೂರು ಪಟ್ಟು ಬಿಗಿ. ಬೆಲೆಯೂ ಕಡಿಮೆ, ಗೇಟು ಗ್ರಿಲ್ಲು ಮಾಡುವ ಯಾವ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಗ್ರಿಲ್ ಅಂಗಡಿಯವರು ಅಭ್ಯಾಸಬಲದಿಂದ ವೆಲ್ಡಿಂಗ್ ಮಾಡಿಬಿಡುತ್ತಾರೆ. ವೆಲ್ಡ್ ಆರುವಾಗ ಪೈಪನ್ನು ಎಳೆದು ತಿರುಚುತ್ತದೆ. ಗೇಟಿಗೆ ಅದು ಲೆಕ್ಕಕ್ಕಿಲ್ಲ, ರೈಲು ಕೂರುವ ಮುಖಕ್ಕೆ ಅದೇ ದೊಡ್ಡ ಲೆಕ್ಕ. "ಅಣ್ಣ, ವೆಲ್ಡಿಂಗ್ ಬೇಡ, ಅಳತೆಗೆ ಕುಯ್ದು ತೂತು ಹಾಕಿಕೊಡಿ, ಬೋಲ್ಟು ನಾನು ಹಾಕುತ್ತೇನೆ" ಅಂತ ಮೊದಲೇ ಹೇಳಿ. ತೂತನ್ನು ಸ್ವಲ್ಪ ದೊಡ್ಡದಾಗಿ ಹಾಕಿಸಿ, ಜರುಗಿಸಿ ಮೂಲೆ ಹೊಂದಿಸಲು ಜಾಗ ಬೇಕು. ಮೂಲೆಮಟ್ಟ ನೋಡಲು ಪಾಯ ಹಾಕುವ ಗಾರೆಯವರ ಲೆಕ್ಕವೇ ಸಾಕು: ಒಂದು ಬದಿಯಲ್ಲಿ 600, ಇನ್ನೊಂದರಲ್ಲಿ 800 ಗುರುತು ಮಾಡಿದರೆ ಕರ್ಣ 1000 ಮಿಲಿಮೀಟರ್ ಬರಬೇಕು.

ಫ್ರೇಮನ್ನು ಪ್ಲೈವುಡ್ಡಿನಲ್ಲೋ ಎಂಡಿಎಫ್‌ನಲ್ಲೋ ಮಾಡುವ ಡಿಸೈನುಗಳೂ ಇವೆ. ಒಣ ಹವೆಯ ಊರಿನವರು ಮಾಡಲಿ. ಕರಾವಳಿ, ಮಲೆನಾಡಿನವರಿಗೆ ನಾನು ಹೇಳುವುದಿಲ್ಲ. ಆಷಾಢದಲ್ಲಿ ಎಂಡಿಎಫ್ ನೀರು ಕುಡಿದು ಉಬ್ಬುತ್ತದೆ. ಬೆಡ್‌ಗೆ ಬಿಟ್ ತಾಗದಿರಲಿ ಅಂತ ಮೇಲೆ ಹಾಕುವ ಬಲಿ ಹಲಗೆಯನ್ನೇ ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ ಮಟ್ಟ ಹೊಡೆಯಬೇಕಾಗುತ್ತದೆ.

ಧೂಳು ಮತ್ತು ಬೆಂಕಿ, ಎರಡೇ ಮಾತು. ಎಂಡಿಎಫ್ ಧೂಳು ಬಹಳ ನುಣ್ಣಗೆ, ಬಾಯಿಗೆ ಕರ್ಚೀಫ್ ಕಟ್ಟಿದರೆ ಏನೂ ತಡೆಯುವುದಿಲ್ಲ. ಎನ್95 ಹಾಕಿ, ವ್ಯಾಕ್ಯೂಮ್ ಹಚ್ಚಿ. ಮಶಿನ್ ನಡೆಯುವಾಗ ಊಟಕ್ಕೆ ಎದ್ದು ಹೋಗಬೇಡಿ. ಸಿಕ್ಕಿಹಾಕಿಕೊಂಡ ಬಿಟ್ ಒಂದೇ ಜಾಗದಲ್ಲಿ ಸುತ್ತುತ್ತಿದ್ದರೆ ಕೆಂಡ ಹುಟ್ಟುತ್ತದೆ, ಆ ಕೆಂಡವನ್ನು ವ್ಯಾಕ್ಯೂಮ್ ಎಳೆದು ಹೊಟ್ಟಿನ ಡಬ್ಬಿಗೆ ಹಾಕುತ್ತದೆ.

ಇನ್ನು ಪ್ರಶ್ನೆಗಳು.

"ಲೇಸರ್ ಸಾಕಲ್ವಾ? ಅದು ಇನ್ನೂ ಅಗ್ಗ."

ಗೆರೆ, ಚಿತ್ರ ಸುಡುವುದಕ್ಕೆ, ತೆಳು ಪ್ಲೈ ಕತ್ತರಿಸುವುದಕ್ಕೆ ಲೇಸರ್ ಒಳ್ಳೆಯದು. ಗೂಡು ತೆಗೆಯಲು, ಮಟ್ಟ ಮಾಡಲು, ಬಾಯಿ ಕೂಡಿಸುವ ಜೋಡಣೆ ಮಾಡಲು ಆಗುವುದಿಲ್ಲ. ಅಂಚು ಕಪ್ಪಾಗುತ್ತದೆ. ಅಗ್ಗದ ಲೇಸರ್‌ಗಳಿಗೆ ಮುಚ್ಚಳ ಇರುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಕಣ್ಣಿನ ವಿಷಯಕ್ಕೆ ನನಗೆ ರೌಟರ್‌ಗಿಂತ ಅದರದ್ದೇ ಭಯ ಜಾಸ್ತಿ.

"ನಾನು ಮೂವತ್ತು ವರ್ಷದಿಂದ ಉಳಿ ಹಿಡಿದವನು. ಇದು ಬಂದು ನಮ್ಮ ಕೆಲಸ ತೆಗೆಯುತ್ತಲ್ಲ?" (ಕೇಳಿದವರು ಹಿರಿಯ ಆಚಾರ್ರು.)

ಆಚಾರ್ರೇ, ಬಾಗಿಲ ಕೆತ್ತನೆಯ ಒಂದಷ್ಟು ಕೆಲಸವನ್ನು ಅದು ಈಗಾಗಲೇ ತೆಗೆದಿದೆ, ಇಲ್ಲ ಅಂತ ಹೇಳಿ ನಿಮ್ಮನ್ನು ಸಮಾಧಾನ ಮಾಡುವುದಿಲ್ಲ. ಆದರೆ ಮಶಿನ್ ಕೆತ್ತಿದ ಹೂವನ್ನು ಹತ್ತಿರದಿಂದ ನೋಡಿ. ಒಳಮೂಲೆಗಳೆಲ್ಲ ಬಿಟ್‌ನಷ್ಟು ದುಂಡಗೆ. ಎಸಳಿನ ಬುಡಕ್ಕೆ ಉಳಿ ಹೋಗುವಷ್ಟು ಚೂಪಾಗಿ ಅದು ಹೋಗುವುದಿಲ್ಲ. ಮಣ್ಣು ತೆಗೆಯುವಂಥ ದೊಡ್ಡ ಕೆಲಸ ಮಶಿನ್‌ಗೆ ಬಿಟ್ಟು ಕೊನೆಯ ಕೈ ನಿಮ್ಮದಾದರೆ, ಅಂಗಡಿಯಲ್ಲಿ ಬರೀ ಮಶಿನ್ ಇಟ್ಟವನು ನಿಮ್ಮ ಮುಂದೆ ನಿಲ್ಲುವುದಿಲ್ಲ. ನಾರು ಯಾವ ಕಡೆ ಎದ್ದಿದೆ, ಈ ಹಲಗೆ ನಾಳೆ ಯಾವ ಕಡೆ ಡೊಂಕಾಗುತ್ತದೆ ಅನ್ನುವುದು ಅದಕ್ಕೆ ಗೊತ್ತಿಲ್ಲ.

"ಮಶಿನ್ ಮನೆಗೆ ಬಂತು ಅಂತಿಟ್ಟುಕೊಳ್ಳಿ. ಮೊದಲ ದಿನ ಏನು ಮಾಡಲಿ?"

ಏನೂ ಕೆತ್ತಬೇಡಿ. ಬಿಟ್ ಜಾಗದಲ್ಲಿ ಒಂದು ಚೂಪು ಪೆನ್ಸಿಲ್ ಕಟ್ಟಿ, ಉಕ್ಕಿನ ಸ್ಕೇಲನ್ನು ಬೆಡ್ ಮೇಲೆ ಅಂಟಿಸಿ, 200 ಮಿಲಿಮೀಟರ್ ಹೋಗು ಅಂತ ಹೇಳಿ. 198ಕ್ಕೆ ನಿಂತರೆ ಜಿಆರ್‌ಬಿಎಲ್‌ನ $100 ಅನ್ನುವ ಸೆಟ್ಟಿಂಗ್ (ಒಂದು ಮಿಲಿಮೀಟರ್‌ಗೆ ಮೋಟಾರಿನ ಎಷ್ಟು ಹೆಜ್ಜೆ ಅನ್ನುವುದು) ತೆಗೆಯಿರಿ. ಎಕ್ಸ್‌ಗೆ $100, ವೈಗೆ $101, ಝೆಡ್‌ಗೆ $102. ಅಲ್ಲಿರುವ ಸಂಖ್ಯೆಯನ್ನು 200ರಿಂದ ಗುಣಿಸಿ 198ರಿಂದ ಭಾಗಿಸಿ ಹಾಕಿ. 1605 ಸ್ಕ್ರೂ, ಸುತ್ತಿಗೆ 200 ಹೆಜ್ಜೆಯ ಮೋಟಾರು, ಒಂದು ಹೆಜ್ಜೆಯನ್ನು ಎಂಟಾಗಿ ಒಡೆಯುವ ಮೈಕ್ರೋಸ್ಟೆಪ್ ಇದ್ದರೆ ಅದು 320ರ ಆಸುಪಾಸಿನಲ್ಲೇ ಇರಬೇಕು. ಬಹಳ ದೂರ ಹೋದರೆ ಸಂಖ್ಯೆ ತಿದ್ದಬೇಡಿ, ಎಲ್ಲೋ ಮೋಟಾರನ್ನು ಜೋಡಿಸುವ ಕಪ್ಲಿಂಗಿನ ಸ್ಕ್ರೂ ಜಾರುತ್ತಿದೆ, ಅದನ್ನು ಬಿಗಿ ಮಾಡಿ. ಮರ ಕತ್ತರಿಸಿ ಆ ತುಂಡನ್ನು ಅಳೆದು ಈ ಲೆಕ್ಕ ಮಾಡಬೇಡಿ, ಬಿಟ್ ಬಾಗಿದ್ದೂ ಅದರೊಳಗೆ ಸೇರಿಕೊಳ್ಳುತ್ತದೆ. ಎರಡೂ ದಿಕ್ಕಿನಿಂದ ಬಂದು ಅದೇ ಗೆರೆಗೆ ನಿಲ್ಲುತ್ತದೆಯಾ ನೋಡಿ. ನಿಂತರೆ ಮಾರನೇ ದಿನ ಬಲಿ ಹಲಗೆ ಮಟ್ಟ ಹೊಡೆಯಿರಿ, ಆಮೇಲೆ ನಿಮ್ಮ ಮನೆಯ ಹೆಸರಿನ ಬೋರ್ಡಿಗೆ ಕೈ ಹಾಕಬಹುದು.